ಮಾಜಿ ಸೈನಿಕರ ಚಿಕಿತ್ಸೆಗೆ ಮೊದಲು ಟ್ರಂಕು ತೆಗೆಸಿ: ನನ್ನ ಅನುಭವ

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಸೌಲಭ್ಯ ಇದ್ದೂ ಆಸ್ಪತ್ರೆ ಕೌಂಟರಿನಿಂದ ವಾಪಸ್ ಬರುವ ಮನೆಗಳಲ್ಲಿ ತೊಡಕು ಹೆಚ್ಚಾಗಿ ಹೆಸರಿನ ಒಂದೆರಡು ಅಕ್ಷರಗಳಲ್ಲೇ ಇರುತ್ತದೆ. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ‘ಲಕ್ಷ್ಮವ್ವ’, ಆಧಾರಿನಲ್ಲಿ ‘ಲಕ್ಷ್ಮೀಬಾಯಿ’, ಪಾಸ್‌ಬುಕ್ಕಿನಲ್ಲಿ ಬರೀ ‘ಲಕ್ಷ್ಮಿ’. ಯಜಮಾನರು ಇರುವ ತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ನಿಲ್ಲುತ್ತದೆ, ಅದರ ಹಿಂದೆಯೇ ಆಕೆಯ ಹೆಸರಿಗೆ ಬದಲಾಗಬೇಕಾದ ಚಿಕಿತ್ಸೆಯ ಕಾರ್ಡೂ ನಿಲ್ಲುತ್ತದೆ. ಅದಕ್ಕೇ ಹಳ್ಳಿಯಲ್ಲಿ ಮಾಜಿ ಸೈನಿಕರ ಮನೆಗೆ ಹೋದಾಗ ಬಿಪಿ ಯಂತ್ರವನ್ನು ಕೊನೆಗೆ ತೆಗೆಯುತ್ತೇನೆ. ಮೊದಲು ಮಂಚದ ಕೆಳಗಿನ ಟ್ರಂಕು ತೆಗೆಸುತ್ತೇನೆ.

ಚಾಪೆಯ ಮೇಲೆ ನಾಲ್ಕು ಕಾಗದ ಅಕ್ಕಪಕ್ಕ ಇಡಬೇಕು: ಡಿಸ್ಚಾರ್ಜ್ ಬುಕ್, ಪಿಪಿಒ ಎಂಬ ಪಿಂಚಣಿ ಆದೇಶಪತ್ರ (ಮೂಲದ್ದು, ಆಮೇಲೆ ಬಂದ ತಿದ್ದುಪಡಿಗಳು ಎಲ್ಲವೂ), ಗಂಡ ಹೆಂಡತಿ ಇಬ್ಬರ ಆಧಾರ್, ಪಾಸ್‌ಬುಕ್. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಪ್ರತಿಯೊಬ್ಬರ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ನಾಲ್ಕೂ ಕಡೆ ಇದ್ದ ಹಾಗೇ, ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ ನಕಲು ಮಾಡಿ. ಓದಿ ಹೇಳಿದ್ದನ್ನು ಕೇಳಿ ಬರೆದರೆ ತಪ್ಪು ತಪ್ಪಿಸಿಕೊಳ್ಳುತ್ತದೆ, ಕಣ್ಣಿಂದ ನೋಡಿಯೇ ಬರೆಯಬೇಕು. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದ ‘ಕೆ. ಬಸಪ್ಪ’ ಒಂದು ಕಡೆ ‘ಬಸಪ್ಪ ಕೆ’ ಆಗಿ, ಇನ್ನೊಂದು ಕಡೆ ಅಪ್ಪನ ಹೆಸರು ಪೂರ್ತಿ ಸೇರಿಕೊಂಡಿರುತ್ತದೆ. ಒಂದು ಮನೆಗೆ ಅರ್ಧ ಗಂಟೆಗಿಂತ ಹೆಚ್ಚೇ ಬೇಕು, ದಿನಕ್ಕೆ 12 ಮನೆ ದಾಟಿದರೆ ಕಣ್ಣು ಸೋತು ತಪ್ಪು ಉಳಿಯುತ್ತದೆ.

ಯಾವ ಕಾಗದ ತಿದ್ದಿಸಬೇಕು ಎನ್ನುವುದು ಇಲ್ಲಿ ಅತಿ ಮುಖ್ಯವಾದ ತೀರ್ಮಾನ. ಸೇನೆಯ ದಾಖಲೆ ಸರಿ ಇದ್ದು ಆಧಾರ್ ತಪ್ಪಿದ್ದರೆ ಆಧಾರನ್ನೇ ತಿದ್ದಿಸಿ, ಬೇಗ ಆಗುತ್ತದೆ. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕಕ್ಕೆ 1 ಸಲ ಮಾತ್ರ ಅವಕಾಶ. ಅವಸರಕ್ಕೆ ಸೈಬರ್ ಸೆಂಟರಿನಲ್ಲಿ ಆ ಅವಕಾಶ ಹಾಳು ಮಾಡಿಕೊಂಡ ಮನೆಗಳು ಬೇಕಾದಷ್ಟಿವೆ. ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಎಲ್ಲವೂ ಆಧಾರಿನ ಹೆಸರಲ್ಲೇ ಇದ್ದರೆ ಸೇನೆಯ ದಾಖಲೆ ತಿದ್ದಿಸುವುದೇ ಸರಿ.

ಅದಕ್ಕೆ ಅರ್ಜಿ ಹೋಗಬೇಕಾದದ್ದು ಸೇವೆ ಸಲ್ಲಿಸಿದ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ (ಎಂಇಜಿ) ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಯಂತ್ರ, ವಾಹನ ದುರಸ್ತಿಯ ಇಎಂಇ ವಿಭಾಗಕ್ಕೆ ಸಿಕಂದರಾಬಾದ್. ನೌಕಾಪಡೆಯದ್ದು ಮುಂಬೈ, ವಾಯುಪಡೆಯದ್ದು ದೆಹಲಿಯ ಸುಬ್ರೋತೊ ಪಾರ್ಕ್. ನೇರವಾಗಿ ಅಂಚೆಗೆ ಹಾಕುವ ಬದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪ ನಿರ್ದೇಶಕರ ಕಚೇರಿಯಿಂದ ಮುಖಪತ್ರ ಹಾಕಿಸಿ ಕಳಿಸಿ, ಹಿಂದೆ ಬಿದ್ದು ವಿಚಾರಿಸಲು ಒಂದು ಪತ್ರ ಸಂಖ್ಯೆ ಕೈಯಲ್ಲಿರುತ್ತದೆ.

ಪಿಂಚಣಿ ಈಗ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ. ಜೀವಿತ ಪ್ರಮಾಣಪತ್ರ ಕೊಟ್ಟರೂ ಪಿಂಚಣಿ ನಿಂತಿತು ಎಂದು ಬಂದವರ ರಸೀದಿ ತೆಗೆದು ನೋಡಿದರೆ ಎರಡೇ ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಪಿಂಚಣಿ ವಿತರಿಸುವ ಏಜೆನ್ಸಿಯ ಜಾಗದಲ್ಲಿ ಹಳೇ ಬ್ಯಾಂಕನ್ನೇ ಆರಿಸಿರುತ್ತಾರೆ. ಅಲ್ಲಿ ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್’ ಎಂದೇ ಆರಿಸಬೇಕು. ಇನ್ನೊಂದು, ಸ್ಪರ್ಶ್ ಕೊಟ್ಟ ಹೊಸ ಪಿಪಿಒ ಸಂಖ್ಯೆಯ ಬದಲು ಹಳೆಯದನ್ನು ತುಂಬಿರುತ್ತಾರೆ. ಹೊಲದ ಕೆಲಸದಲ್ಲಿ ಬೆರಳು ಸವೆದವರ ಹೆಬ್ಬೆಟ್ಟನ್ನು ಯಂತ್ರ ಓದುವುದಿಲ್ಲ. ಅಂಥವರಿಗೆ ಜೀವನ್ ಪ್ರಮಾಣ್ ಆ್ಯಪ್ ಜೊತೆ ಆಧಾರ್ ಫೇಸ್ ಆರ್‌ಡಿ ಹಾಕಿಕೊಂಡು ಮುಖ ತೋರಿಸಿದರೆ ಸಾಕು. ಬೆಳಕು ಮುಖದ ಮೇಲೆ ಬೀಳುವ ಹಾಗೆ ಜಗಲಿಯಲ್ಲಿ ಕೂರಿಸಿ, ಕನ್ನಡಕ ತೆಗೆಸಿ, ನಿಧಾನ ಕಣ್ಣು ಮಿಟುಕಿಸಲು ಹೇಳಿ. ವಯಸ್ಸಾದವರು ಕ್ಯಾಮೆರಾ ಎದುರು ಕಣ್ಣು ಬಿಗಿ ಹಿಡಿಯುತ್ತಾರೆ, ಹಾಗೆ ಹಿಡಿದರೆ ಆಗುವುದಿಲ್ಲ.

ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಇಂದಿಗೂ ಸೇರದೆ ಉಳಿದ ಹಿರಿಯರಿದ್ದಾರೆ, ದುಡ್ಡು ಕಟ್ಟಬೇಕಲ್ಲ ಎಂಬ ಅಂಜಿಕೆ. 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರು ಮತ್ತು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು ವಂತಿಗೆ ಕಟ್ಟಬೇಕಾಗಿಲ್ಲ, ಇದನ್ನು ಮೊದಲೇ ಹೇಳಿಬಿಡಿ. ಸೇರಿದ ಮೇಲೆ ಪಿಂಚಣಿ ಸ್ಲಿಪ್ಪಿನಲ್ಲಿ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಇನ್ನೂ ಬರುತ್ತಿದೆಯೇ ನೋಡಿ. ಎರಡೂ ಒಟ್ಟಿಗೆ ಪಡೆಯುವಂತಿಲ್ಲ, ಆಮೇಲೆ ಒಟ್ಟಿಗೇ ಕಡಿತವಾದರೆ ಮನೆ ನಡೆಸುವುದು ಕಷ್ಟ. ಮಗನಿಗೆ 25 ತುಂಬಿದರೆ, ಅಥವಾ ಅದಕ್ಕೂ ಮುಂಚೆ ಮದುವೆಯಾದರೆ, ದುಡಿಯತೊಡಗಿದರೆ ಅವನ ಸೌಲಭ್ಯ ಮುಗಿಯಿತು. ಆದರೆ ಶಾಶ್ವತ ಅಂಗವೈಕಲ್ಯ ಇರುವ ಮಗ, ಮಗಳಿಗೆ ಈ ವಯಸ್ಸಿನ ಮಿತಿ ಇಲ್ಲ. ಅದು ತಿಳಿಯದೆ ಬುದ್ಧಿಮಾಂದ್ಯ ಮಗನ ಔಷಧಕ್ಕೆ ಕೈಯಿಂದ ಖರ್ಚು ಮಾಡುತ್ತಿರುವ ತಂದೆತಾಯಿಗಳನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಂಥ ಮನೆಯಲ್ಲಿ ಮೊದಲ ಕೆಲಸ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸುವುದು.

ಮಾಮೂಲಿ ದಾರಿ ಗೊತ್ತಿರುವುದೇ: ಮೊದಲು ಇಸಿಎಚ್‌ಎಸ್‌ನದ್ದೇ ಪಾಲಿಕ್ಲಿನಿಕ್, ಅಲ್ಲಿಂದ ರೆಫರಲ್, ಆಮೇಲೆ ಮಾನ್ಯತೆ ಪಡೆದ ಆಸ್ಪತ್ರೆ. ಮಾನ್ಯತೆ ವಿಭಾಗವಾರು ಇರುತ್ತದೆ ಎಂಬುದೊಂದು ನೆನಪಿರಲಿ. ಕಣ್ಣಿಗೆ ಮಾನ್ಯತೆ ಇರುವ ಆಸ್ಪತ್ರೆಗೆ ಮಂಡಿ ನೋವಿಗೆ ಹೋದರೆ ಬಿಲ್ಲು ನಿಮ್ಮ ತಲೆಗೆ.

ತುರ್ತಿನ ಲೆಕ್ಕ ಬೇರೆ. ಎದೆನೋವಿಗೆ ರೆಫರಲ್ ಕಾಯುತ್ತಾ ಕೂರುವುದು ಬೇಡ, ಹತ್ತಿರದ ಆಸ್ಪತ್ರೆಗೆ ಸೀದಾ ಹೋಗಬಹುದು. ಅದು ಮಾನ್ಯತೆ ಇಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು, ಖರ್ಚು ಮೊದಲು ಕೈಯಿಂದ ಹಾಕಬೇಕು. ವಾಪಸ್ ಬರುವುದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ದರದಲ್ಲಿ ಮಾತ್ರ. ಕ್ಲೇಮು ಬೀಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ರೋಗಿ ತುರ್ತು ಸ್ಥಿತಿಯಲ್ಲಿ ಬಂದರು ಎಂದು ಆಸ್ಪತ್ರೆಯವರು ಬರೆದೇ ಇರುವುದಿಲ್ಲ. ಬಿಡುಗಡೆಗೆ ಮುಂಚೆ ಎಮರ್ಜೆನ್ಸಿ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಬಾಬುವಾರು ಬಿಲ್ಲು ಮೂರನ್ನೂ ಸಹಿ, ಮೊಹರಿನ ಸಮೇತ ಪಡೆಯಿರಿ. ಮನೆಗೆ ಬಂದ ಮೇಲೆ ಆ ವೈದ್ಯರನ್ನು ಮತ್ತೆ ಹುಡುಕುವುದು ದೊಡ್ಡ ಪಾಡು.

ಈ ಹೊತ್ತಿನಲ್ಲಿ ಮನೆಯವರ ತಲೆ ಓಡುವುದಿಲ್ಲ. ಹಾಗಾಗಿ ಒಂದು ಎ4 ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಐದು ಸಾಲು ಬರೆದು ಮುಂಬಾಗಿಲಿನ ಒಳಬದಿಗೆ ಅಂಟಿಸುತ್ತೇವೆ: ಕಾರ್ಡ್ ಸಂಖ್ಯೆ, ಪಾಲಿಕ್ಲಿನಿಕ್ ಫೋನ್, ಹೃದಯಕ್ಕೆ ಮಾನ್ಯತೆ ಇರುವ ಹತ್ತಿರದ ಆಸ್ಪತ್ರೆ, ರೋಗಿಗೆ ಆಗದ ಔಷಧ, ‘48 ಗಂಟೆ’. ಬೀರುವಿನೊಳಗೆ ಇಟ್ಟ ಹಾಳೆ ಆ ರಾತ್ರಿ ಸಿಗುವುದಿಲ್ಲ. ಅಡುಗೆಮನೆಯಲ್ಲಿ ಅಂಟಿಸಿದರೆ ಎಣ್ಣೆ ಜಿಡ್ಡಿಗೆ ಆರು ತಿಂಗಳಲ್ಲಿ ಅಕ್ಷರ ಹೋಗುತ್ತದೆ.

ಮನಸ್ಸಿನ ವಿಷಯ ಕಾಗದಕ್ಕಿಂತ ಸೂಕ್ಷ್ಮ. ‘ಮಾನಸಿಕ’ ಎಂಬ ಪದ ಕೇಳಿದರೆ ಫೌಜಿಗಳು ಎದ್ದು ಹೋಗುತ್ತಾರೆ. ‘ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತದೆ, ಆಮೇಲೆ ಏನು ಮಾಡುತ್ತೀರಿ’ ಎಂದು ಕೇಳಿ, ಸುಮ್ಮನೆ ಕೂತಿರಿ. ಹೆಂಡತಿಯನ್ನು ಬೇರೆ ಕೂರಿಸಿ ಕುಡಿತ, ಸಿಟ್ಟಿನ ಬಗ್ಗೆ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಉಚಿತವಾಗಿ, ದಿನದ ಯಾವ ಹೊತ್ತಿಗೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬರೀ ನಂಬರ್ ಕೊಟ್ಟು ಬಂದರೆ ಯಾರೂ ಮಾಡುವುದಿಲ್ಲ, ಮೊದಲ ಕರೆಯನ್ನು ಅವರ ಫೋನಿನಿಂದಲೇ, ಪಕ್ಕದಲ್ಲಿ ಕೂತು ಮಾಡಿಸಿ. ತೋಪಿನ ಸದ್ದಿಗೆ ಕಿವಿ ಮಂದವಾದ ಆರ್ಟಿಲರಿಯವರು ಫೋನಿನಲ್ಲಿ ಎಲ್ಲಕ್ಕೂ ‘ಹೂಂ’ ಎನ್ನುತ್ತಾರೆ, ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಅವರಿಗೆ ಮೊದಲು ಕಿವಿ ಪರೀಕ್ಷೆ.

ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬದೆ ಹೊರಬಂದವರ ಪಟ್ಟಿ ಬೇರೆಯೇ ಇರಲಿ. ಇಸಿಎಚ್‌ಎಸ್ ಮುಖ್ಯವಾಗಿ ಪಿಂಚಣಿದಾರರಿಗೆ, ಇವರಲ್ಲಿ ಹೆಚ್ಚಿನವರು ಅದರಿಂದ ಹೊರಗೆ. ಆದರೆ ಕೇಂದ್ರೀಯ ಸೈನಿಕ ಮಂಡಳಿಯಲ್ಲಿ ಪಿಂಚಣಿ ಇಲ್ಲದವರ ಚಿಕಿತ್ಸೆಗೆ, ಗಂಭೀರ ಕಾಯಿಲೆಗೆ ಸಹಾಯಧನವಿದೆ. ಹವಾಲ್ದಾರ್ ದರ್ಜೆವರೆಗಿನ, 65 ದಾಟಿದ ಬಡವರಿಗೆ ಮಾಸಿಕ ನೆರವೂ ಇದೆ. ಅರ್ಜಿ ಆನ್‌ಲೈನ್, ಪರಿಶೀಲನೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ. ಮಾಜಿ ಸೈನಿಕರ ಗುರುತಿನ ಚೀಟಿ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ, ಅದನ್ನೇ ಮೊದಲು ಮಾಡಿಸಿ.

ಎರಡು ತಿಂಗಳ ಮೇಲೆ ಅದೇ ನೋಟ್‌ಬುಕ್ ಹಿಡಿದು ಅದೇ ಮನೆಗಳಿಗೆ ಹೋಗಿ. ತಿದ್ದುಪಡಿ ಪಿಪಿಒ ಬಂದಿದ್ದರೆ ಹೆಂಡತಿಯ ಹೆಸರನ್ನು ಮತ್ತೆ ಅಕ್ಷರ ಅಕ್ಷರ ಓದಿ ನೋಡಿ. ಒಂದು ತಪ್ಪು ತಿದ್ದಿ ಇನ್ನೊಂದು ತಪ್ಪು ಅಚ್ಚಾಗಿ ಬಂದದ್ದೂ ಇದೆ. ಸರಿ ಇದ್ದರೆ ಜೆರಾಕ್ಸ್ ಮಾಡಿಸಿ ಮೂರು ಪ್ರತಿ: ಟ್ರಂಕಿಗೆ ಒಂದು, ಬ್ಯಾಂಕಿಗೆ ಒಂದು, ಇನ್ನೊಂದು ಆಕೆಯ ಕೈಗೇ.