ರಾಯಚೂರಿನ ಬಿಸಿಲಿಗೆ ಚಾವಣಿ ಸೌರಫಲಕ: ಖರ್ಚು ಮತ್ತು ಉಳಿತಾಯವನ್ನು ಲೆಕ್ಕ ಹಾಕುವುದು ಹೇಗೆ?

ಗುತ್ತಿಗೆದಾರರನ್ನು ಕರೆಯುವ ಮೊದಲು ಜೆಸ್ಕಾಂನ (ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿ) ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ. ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಬಿಲ್ಲು ಶೂನ್ಯವಾಗಿ ಬರುತ್ತಿದ್ದರೆ ಸೌರಫಲಕದಿಂದ ಉಳಿಯುವ ಹಣವೂ ಬಹುತೇಕ ಶೂನ್ಯವೇ. ಅಂಥವರು ಸಾಲ ಮಾಡಿ ಫಲಕ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಎ.ಸಿ. ಬಳಸುತ್ತ ತಿಂಗಳಿಗೆ 300 ಯೂನಿಟ್ ದಾಟುವ ಮನೆಗಳ ಲೆಕ್ಕವೇ ಬೇರೆ.

ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ. 3 ಕಿಲೋವ್ಯಾಟ್ ಘಟಕಕ್ಕೆ 1,80,000 ರೂಪಾಯಿ ದರ ಹೇಳಿದರೆಂದುಕೊಳ್ಳೋಣ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ಕಳೆದರೆ 1,02,000 ಉಳಿಯುತ್ತದೆ. ತಿಂಗಳಿಗೆ 360 ಯೂನಿಟ್ ಉತ್ಪಾದನೆಯಾಗಿ, ಅಷ್ಟನ್ನೂ ನೀವೇ ಬಳಸಿ, ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 26,000 ರೂಪಾಯಿ ಉಳಿದು, ಹಾಕಿದ ಹಣ ನಾಲ್ಕು ವರ್ಷಗಳಲ್ಲಿ ಮರಳುತ್ತದೆ. ಗ್ರಿಡ್‌ಗೆ ಹರಿಸುವ ಹೆಚ್ಚುವರಿ ವಿದ್ಯುತ್ತಿಗೆ ಸಿಗುವ ದರ ಕಡಿಮೆಯಾದ್ದರಿಂದ ಅಗತ್ಯಕ್ಕಿಂತ ದೊಡ್ಡ ಘಟಕ ಬೇಡ.

ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಉಷ್ಣತೆಯಲ್ಲಿ ಅಳೆದಿರುತ್ತಾರೆ. ಬಿಸಿಯೇರಿದಂತೆ ಉತ್ಪಾದನೆ ಕುಗ್ಗುವುದರಿಂದ, ನಮ್ಮ ಮೇ ತಿಂಗಳ ಉರಿಯಲ್ಲಿ ಫಲಕದ ಕೆಳಗೆ ಗಾಳಿಯಾಡಲು ಅಂತರ ಬಿಡಿಸುವುದು ಅತ್ಯಗತ್ಯ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಆಸುಪಾಸಿನ ಹಾರುಬೂದಿಯಿರಲಿ, ಸಂಡೂರು ಕಡೆಯ ಅದಿರಿನ ಧೂಳಿರಲಿ, ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.