ಅರ್ಧ ಮಿಲಿಮೀಟರ್‌ನ ಕೆಲಸ

ಹಲ್ಲಿನ ಆಕಾರ ತಿದ್ದಿಸಿಕೊಳ್ಳಬೇಕು ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರದು ದೊಡ್ಡ ತೊಂದರೆ ಏನಲ್ಲ. ಮುಂದಿನ ಹಲ್ಲಿನ ತುದಿ ಒಂಚೂರು ಮುಕ್ಕಾಗಿರುತ್ತದೆ. ಒಂದು ಬಾಚಿಹಲ್ಲು ಪಕ್ಕದ್ದಕ್ಕಿಂತ ಉದ್ದ ಇರುತ್ತದೆ. ಕೋರೆಹಲ್ಲು ತುಂಬ ಚೂಪಾಗಿದ್ದು, ಫೋಟೊದಲ್ಲಿ ಅದೊಂದೇ ಎದ್ದು ಕಾಣುತ್ತದೆ. ಇನ್ನು ಕೆಲವರಿಗೆ ಬಾಚಿಹಲ್ಲಿನ ಅಂಚಿನಲ್ಲಿ ಮೂರು ಸಣ್ಣ ಉಬ್ಬುಗಳು ದೊಡ್ಡವರಾದ ಮೇಲೂ ಉಳಿದಿರುತ್ತವೆ. ಹೊಸ ಹಲ್ಲು ಬಂದಾಗ ಹೆಚ್ಚಿನ ಮಕ್ಕಳಲ್ಲಿ ಕಾಣುವ ಉಬ್ಬುಗಳೇ ಅವು. ಮೇಲಿನ ಹಲ್ಲು ಕೆಳಗಿನದಕ್ಕೆ ತಾಗಿ ತಾಗಿ ಸವೆದುಹೋಗುತ್ತವೆ. ಬಾಯಿ ಕಚ್ಚಿದಾಗ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದವರಲ್ಲಿ ಮಾತ್ರ ಹಾಗೇ ನಿಂತುಬಿಡುತ್ತವೆ.

ಇಂಥದ್ದಕ್ಕೆಲ್ಲ ಕ್ಯಾಪ್ ಬೇಡ, ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಅಂದರೆ ವಿನಿಯರ್, ಅದೂ ಬೇಡ. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಅನ್ನು ಚೂರೇ ಚೂರು ಸವೆಸಿ ನಯ ಮಾಡಿದರೆ ಸಾಕು. ನೋವಿಲ್ಲ, ಇಂಜೆಕ್ಷನ್ ಇಲ್ಲ. ಹಲ್ಲಿನ ಡಾಕ್ಟರಾಗಿ ನನಗೆ ತುಂಬ ಇಷ್ಟವಾದ ಕೆಲಸ ಇದು. ಬೇರೆ ಯಾವ ಕೆಲಸಕ್ಕಿಂತ ಹೆಚ್ಚು ನಿಧಾನವಾಗಿ ಮಾಡುವುದೂ ಇದನ್ನೇ.

ನಿಧಾನ ಯಾಕೆ ಅಂದರೆ, ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಹೋದರೆ ಹೋಯಿತು. ದೇಹದಲ್ಲೇ ಅತಿ ಗಟ್ಟಿ ವಸ್ತು ಅದು, ತೂಕದಲ್ಲಿ ನೂರಕ್ಕೆ 96 ಭಾಗ ಖನಿಜ. ಆದರೆ ಪದರ ತೆಳು. ಬಾಚಿಹಲ್ಲಿನ ತುದಿಯಲ್ಲಿ ಸುಮಾರು 2 ಮಿಲಿಮೀಟರ್ ಇರುತ್ತದೆ. ಮುಂಭಾಗದಲ್ಲಿ 1 ಮಿಲಿಮೀಟರ್ ಆಸುಪಾಸು, ಒಸಡಿನ ಕಡೆ ಇಳಿಯುತ್ತಾ ಹೋದಂತೆ ಇನ್ನೂ ಕಡಿಮೆ. ಹಾಗಾಗಿ ನಾನು ಹೆಚ್ಚಾಗಿ ತುದಿ ಮತ್ತು ಮೂಲೆಗಳಲ್ಲೇ ಕೆಲಸ ಮಾಡುತ್ತೇನೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ದಾಟುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಹಲ್ಲು ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೇ. ಎಕ್ಸ್‌ರೇ ತೆಗೆದು ಎನಾಮಲ್ ಎಷ್ಟಿದೆ, ಒಳಗಿನ ನರದ ಜಾಗ ಎಷ್ಟು ದೊಡ್ಡದು ಅಂತ ತಿಳಿದುಕೊಳ್ಳುತ್ತೇನೆ. ಚಿಕ್ಕ ವಯಸ್ಸಿನವರಲ್ಲಿ ನರದ ಜಾಗ ದೊಡ್ಡದಿರುತ್ತದೆ, ಅಲ್ಲಿ ಇನ್ನೂ ಹುಷಾರಾಗಿರಬೇಕು. ಹುಳುಕು ಅಥವಾ ಒಸಡಿನ ಊತ ಇದ್ದರೆ ಮೊದಲು ಅದರ ಚಿಕಿತ್ಸೆ.

ಆಮೇಲೆ ತುಟಿ ನೋಡುತ್ತೇನೆ. ‘ಅಮ್ಮ’ ಅಂತ ಹೇಳಿ ತುಟಿಯನ್ನು ಸಡಿಲ ಬಿಡಿ ಅನ್ನುತ್ತೇನೆ. ಆಗ ಮೇಲಿನ ಹಲ್ಲು ಎಷ್ಟು ಕಾಣುತ್ತದೋ ಅಷ್ಟು, ಆ ಮುಖ ಸುಮ್ನೆ ಇದ್ದಾಗ ಕಾಣುವ ಹಲ್ಲು. ವಯಸ್ಸಾದಂತೆ ಮೇಲ್ದುಟಿ ಇಳಿಯುತ್ತದೆ, ಹಲ್ಲು ಕಾಣುವುದು ತಾನಾಗಿಯೇ ಕಡಿಮೆಯಾಗುತ್ತದೆ. ಈಗಲೇ ಜಾಸ್ತಿ ಗಿಡ್ಡ ಮಾಡಿದರೆ ಮುಂದೆ ಕಾಣುವುದಕ್ಕೆ ಏನೂ ಉಳಿಯುವುದಿಲ್ಲ. ನಂತರ ‘ಫೋನ್’ ಅನ್ನಿಸುತ್ತೇನೆ. ಮೇಲಿನ ಬಾಚಿಹಲ್ಲಿನ ಅಂಚು ಕೆಳದುಟಿಯ ಒಳಗಿನ ಒದ್ದೆ ಭಾಗ ಮತ್ತು ಹೊರಗಿನ ಒಣ ಭಾಗ ಸೇರುವ ಗೆರೆಗೆ ಮೆಲ್ಲಗೆ ತಾಗಬೇಕು. ಅಲ್ಲಿಗೆ ತಾಗುತ್ತಿದ್ದರೆ ಉದ್ದ ಸರಿಯಿದೆ ಅಂತ ಅರ್ಥ. ಆಗ ಕಣ್ಣಿಗೆ ಉದ್ದ ಅನ್ನಿಸಿದರೂ ನಾನು ಉದ್ದ ಕಡಿಮೆ ಮಾಡಲು ಹೋಗುವುದಿಲ್ಲ, ಮೂಲೆ ಮಾತ್ರ ತಿದ್ದುತ್ತೇನೆ.

ತೆಗೆಯಬೇಕು ಅಂದುಕೊಂಡ ಭಾಗಕ್ಕೆ ಹಲ್ಲಿನ ಮೇಲೆಯೇ ಕಪ್ಪು ಪೆನ್ಸಿಲ್‌ನಿಂದ ಬಣ್ಣ ಹಚ್ಚುತ್ತೇನೆ. ಬಾಯಿಯ ಒಳಗಿನ ಕತ್ತಲೆಯ ಜೊತೆ ಆ ಕಪ್ಪು ಬೆರೆತುಹೋಗುತ್ತದೆ. ಸ್ವಲ್ಪ ದೂರದಿಂದ ಕನ್ನಡಿ ನೋಡಿದರೆ ಹೊಸ ಆಕಾರವೇ ಕಾಣುತ್ತದೆ. ಇದು ಒಪ್ಪಿಗೆಯಾಗದೆ ನಾನು ಮುಂದೆ ಹೋಗುವುದಿಲ್ಲ. ಪೆನ್ಸಿಲ್ ಗುರುತನ್ನು ಒರೆಸಿ ಮತ್ತೆ ಹಾಕಬಹುದು, ಎನಾಮಲ್ ವಿಷಯದಲ್ಲಿ ಆ ಅವಕಾಶ ಇಲ್ಲ.

ಈ ಹಂತದಲ್ಲಿ ಹೆಚ್ಚಿನವರು ಕೇಳುವುದು ಒಂದೇ: ‘ಡಾಕ್ಟ್ರೇ, ಎಲ್ಲಾ ಹಲ್ಲೂ ಒಂದೇ ನೇರಕ್ಕೆ ಮಾಡಿಬಿಡಿ.’ ಇಲ್ಲಿ ಕೂತು ಮಾತಾಡುವುದಕ್ಕೆ ನಾನು ಎಷ್ಟು ಹೊತ್ತಾದರೂ ಕೊಡುತ್ತೇನೆ. ಹಲ್ಲುಗಳ ತುದಿ ಗೆರೆ ಎಳೆದ ಹಾಗೆ ನೇರ ಆದರೆ ಮುಖಕ್ಕೆ ವಯಸ್ಸು ಬಂದ ಹಾಗೆ ಕಾಣುತ್ತದೆ. ಯಾಕೆಂದರೆ ವರ್ಷಗಟ್ಟಲೆ ಸವೆದ ಹಲ್ಲು ಇರುವುದು ಹಾಗೆಯೇ. ಎಳೆಯ ಹಲ್ಲುಗಳಲ್ಲಿ ನಡುವಿನ ಎರಡು ಉದ್ದ, ಅವುಗಳ ಪಕ್ಕದವು ಅರ್ಧದಿಂದ ಒಂದು ಮಿಲಿಮೀಟರ್ ಗಿಡ್ಡ, ಕೋರೆಹಲ್ಲು ಮತ್ತೆ ನಡುವಿನವುಗಳ ಮಟ್ಟಕ್ಕೆ ಬರುತ್ತದೆ. ಎರಡು ಹಲ್ಲುಗಳ ತುದಿ ಸೇರುವಲ್ಲಿ ತಲೆಕೆಳಗಾದ ‘ವಿ’ ಆಕಾರದ ಸಣ್ಣ ಸಂದು ಇರುತ್ತದೆ. ನಡುವೆ ಅದು ಚಿಕ್ಕದು, ಕೋರೆಹಲ್ಲಿನ ಕಡೆ ಹೋದಂತೆ ದೊಡ್ಡದಾಗುತ್ತದೆ. ಈ ಸಂದುಗಳು ಮುಚ್ಚಿಹೋದ ನಗು ಕಟ್ಟಿಸಿದ ಹಲ್ಲಿನ ಹಾಗೆ ಕಾಣುತ್ತದೆ. ಹಾಗಾಗಿ ಬಹಳ ಸಲ ನಾನು ಮಾಡುವುದು ಇಷ್ಟೇ: ಉದ್ದ ಹಾಗೇ ಬಿಟ್ಟು, ಈ ಸಂದುಗಳನ್ನು ಒಂದು ಕೂದಲೆಳೆಯಷ್ಟು ತೆರೆಯುವುದು.

ಅಗಲದ ವಿಷಯವೂ ಹೀಗೇ. ಹಲ್ಲಿನ ಮುಂಭಾಗದ ಎರಡು ಪಕ್ಕಗಳಲ್ಲಿ ಬೆಳಕು ಬಿದ್ದು ಹೊಳೆಯುವ ಎರಡು ಏಣುಗಳಿವೆ. ಅವುಗಳ ನಡುವೆ ಇರುವುದನ್ನು ಕಣ್ಣು ಹಲ್ಲಿನ ಅಗಲ ಅಂತ ಓದುತ್ತದೆ. ಆ ಏಣನ್ನು ಚೂರು ಒಳಗೆ ದುಂಡಗೆ ಮಾಡಿದರೆ ಹಲ್ಲು ಸಣ್ಣಗೆ ಕಾಣುತ್ತದೆ. ಅಳೆದರೆ ಅಗಲ ಅಷ್ಟೇ ಇರುತ್ತದೆ.

ಕೋರೆಹಲ್ಲಿಗೆ ಬೇರೆ ಲೆಕ್ಕ. ದವಡೆಯನ್ನು ಪಕ್ಕಕ್ಕೆ ಸರಿಸಿದಾಗ ಹಿಂದಿನ ಹಲ್ಲುಗಳು ಉಜ್ಜದಂತೆ ಎತ್ತಿ ಹಿಡಿಯುವುದು ಬಹಳ ಜನರಲ್ಲಿ ಕೋರೆಹಲ್ಲೇ. ಚಂದಕ್ಕೆ ಅಂತ ಅದನ್ನು ಗಿಡ್ಡ ಮಾಡಿದರೆ ಆ ಭಾರ ದವಡೆ ಹಲ್ಲುಗಳ ಮೇಲೆ ಬೀಳುತ್ತದೆ. ಅದಕ್ಕೇ ಬಣ್ಣದ ಕಾಗದ ಕಚ್ಚಿಸಿ, ದವಡೆಯನ್ನು ಅತ್ತ ಇತ್ತ ಸರಿಸಲು ಹೇಳುತ್ತೇನೆ. ಗುರುತು ಬಿದ್ದ ಜಾಗ ಕೆಲಸ ಮಾಡುವ ಜಾಗ, ಅದನ್ನು ಮುಟ್ಟಬಾರದು. ಮುಂಭಾಗದಿಂದ ಕಾಣುವ ಚೂಪನ್ನು ಮಾತ್ರ ದುಂಡಗೆ ಮಾಡುತ್ತೇನೆ.

ನಿಜವಾದ ತಿದ್ದುವ ಕೆಲಸಕ್ಕೆ ಬೇಕಾಗುವ ಸಮಯ ಕಡಿಮೆ. ಕೆಂಪು ಪಟ್ಟಿಯ ನಯವಾದ ಡೈಮಂಡ್ ಬರ್ (ಗಿರ್ರನೆ ತಿರುಗಿ ಹಲ್ಲು ಸವೆಸುವ ಸಣ್ಣ ಕಡ್ಡಿ), ಆಮೇಲೆ ಹಳದಿ ಪಟ್ಟಿಯ ಇನ್ನೂ ನಯವಾದದ್ದು. ನೀರು ನಿಲ್ಲಬಾರದು. ಹಲ್ಲಿನ ಒಳಗಿನ ಜೀವಂತ ಭಾಗದ ಬಿಸಿ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಲವು ಹಲ್ಲುಗಳು ಚೇತರಿಸಿಕೊಳ್ಳುವುದಿಲ್ಲ ಅಂತ 1965ರಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು. ಆ ಅಂಕಿ ಈಗಲೂ ನಮ್ಮ ತಲೆಯಲ್ಲಿರುತ್ತದೆ. ಗಾಳಿಯಲ್ಲಿ ತೇಲಿಸಿದ ಹಾಗೆ ಬರ್ ತಾಗಿಸಿ, ತೆಗೆದು, ನೋಡಿ, ಮತ್ತೆ ತಾಗಿಸುತ್ತೇನೆ. ಇಂಜೆಕ್ಷನ್ ಕೊಡದೇ ಇರುವುದಕ್ಕೂ ಒಂದು ಕಾರಣವಿದೆ. ಎನಾಮಲ್‌ನಲ್ಲಿ ನರ ಇಲ್ಲ. ಹಲ್ಲು ಜುಂ ಅಂದರೆ ಪದರ ತೆಳುವಾಗುತ್ತಿದೆ ಅಂತ ಲೆಕ್ಕ, ಅಲ್ಲಿಗೆ ನಿಲ್ಲಿಸಬೇಕು. ಆ ಎಚ್ಚರಿಕೆಯ ಗಂಟೆಯನ್ನು ನಾನೇ ಯಾಕೆ ಬಂದ್ ಮಾಡಲಿ?

ಪಾಲಿಶ್‌ಗೆ ಮಾತ್ರ ಧಾರಾಳವಾಗಿ ಸಮಯ ಕೊಡುತ್ತೇನೆ. ಒರಟಿನಿಂದ ಅತಿ ನಯದವರೆಗೆ ಡಿಸ್ಕ್‌ಗಳನ್ನು ಒಂದೊಂದಾಗಿ ಬಳಸಬೇಕು, ನಡುವೆ ಒಂದನ್ನೂ ಬಿಡಬಾರದು. ಎರಡು ಹಲ್ಲುಗಳ ನಡುವೆ ಮುಟ್ಟಿದ್ದರೆ ಅಲ್ಲಿಗೆ ಪಾಲಿಶ್ ಪಟ್ಟಿ. ಬರ್ ಬಿಟ್ಟ ಗೀರು ಕಣ್ಣಿಗೆ ಕಾಣದೇ ಇರಬಹುದು, ನಾಲಿಗೆಗೆ ಗೊತ್ತಾಗುತ್ತದೆ. ಅಲ್ಲಿ ಕೊಳೆ ಕೂರುತ್ತದೆ, ಕಲೆ ಹಿಡಿಯುತ್ತದೆ. ಕೊನೆಗೆ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಫ್ಲೋರೈಡ್ ಲೇಪ ಹಚ್ಚುತ್ತೇನೆ. ಇನ್ನೊಂದು ವಿಷಯ: ತುಂಬ ಹೊತ್ತು ಬಾಯಿ ತೆರೆದಿದ್ದು ಹಲ್ಲು ಒಣಗಿದಾಗ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಮುಕ್ಕಾದ ಜಾಗಕ್ಕೆ ಕಾಂಪೊಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಸೇರಿಸುವುದಿದ್ದರೆ ಅದರ ಬಣ್ಣವನ್ನು ಮೊದಲೇ, ಹಲ್ಲು ಒದ್ದೆ ಇರುವಾಗಲೇ ಆರಿಸಿಕೊಳ್ಳಬೇಕು.

ಕೆಲವರಿಗೆ ನಾನು ಬೇಡ ಅನ್ನುತ್ತೇನೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇರುವವರು, ಹುಳಿಯಿಂದ ಎನಾಮಲ್ ಆಗಲೇ ಕರಗಿದವರು, ಹಲ್ಲು ಅಂಚಿಗೆ ಅಂಚು ಕೂರುವವರು. ಹಲ್ಲು ಓರೆಯಾಗಿ ನಿಂತಿದ್ದರೆ ಅದನ್ನು ಸವೆಸಿ ನೇರ ಮಾಡುವುದು ತಪ್ಪು, ಸರಿಸಬೇಕು. ಅದಕ್ಕೆ ಕ್ಲಿಪ್ ಅಥವಾ ಅಲೈನರ್ (ಹಲ್ಲಿನ ಮೇಲೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು) ಇದೆ. ಮತ್ತೆ, ಉಗುರು ಉಜ್ಜುವ ಅರದಿಂದ ಮನೆಯಲ್ಲೇ ಹಲ್ಲು ಉಜ್ಜಿಕೊಳ್ಳುವುದು. ದಯವಿಟ್ಟು ಬೇಡ. ಎನಾಮಲ್ ದಾಟಿ ಕೆಳಗಿನ ಹಳದಿ ಡೆಂಟಿನ್ ತೆರೆದುಕೊಂಡರೆ, ಅದು ಎನಾಮಲ್‌ಗಿಂತ ಬೇಗ ಸವೆದು ನಡುವೆ ಗುಳಿ ಬೀಳುತ್ತದೆ. ಅಂಚು ಆಸರೆಯಿಲ್ಲದೆ ಮುರಿಯುತ್ತದೆ.

ಇನ್ನು ಮನೆಗೆ ಹೋದ ಮೇಲಿನ ಆರೈಕೆ. ವಾರ್ನಿಶ್ ಹಚ್ಚಿದ ದಿನ ಕೆಲವು ಗಂಟೆ ಬ್ರಶ್ ಮಾಡಬೇಡಿ, ಗಟ್ಟಿಯಾದದ್ದು, ತುಂಬ ಬಿಸಿಯಾದದ್ದು ತಿನ್ನಬೇಡಿ. ತಣ್ಣಗಿನದು ತಾಗಿದರೆ ಕೆಲವು ದಿನ ಹಲ್ಲು ಜುಂ ಅನ್ನಬಹುದು. ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟ್ ಇದಕ್ಕೆ ಒಳ್ಳೆಯದು. ಆದರೆ ಒಂದೇ ದಿನಕ್ಕೆ ಫಲ ಕೇಳಬೇಡಿ, ಕೆಲವು ವಾರ ಬಿಡದೆ ಬಳಸಿ.

ಬ್ರಶ್ ಮೆತ್ತಗಿನದೇ ಇರಲಿ. ದಿನಕ್ಕೆ ಎರಡು ಸಲ, ಫ್ಲೋರೈಡ್ ಪೇಸ್ಟ್. ದೊಡ್ಡವರ ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ ಫ್ಲೋರೈಡ್ ಇರಬೇಕು, ಟ್ಯೂಬಿನ ಹಿಂದೆ ಬರೆದಿರುತ್ತದೆ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಬಾಯ್ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ಬಾಯಲ್ಲಿ ಉಳಿಯುವ ಫ್ಲೋರೈಡ್ ಕೆಲಸ ಮಾಡುವುದೇ ಆಮೇಲೆ. ಬೆಳ್ಳಗೆ ಮಾಡುತ್ತೇವೆ ಅನ್ನುವ ಒರಟು ಪುಡಿ, ಇದ್ದಿಲು ಪುಡಿ ಬೇಡವೇ ಬೇಡ. ನಾನು ಡಿಸ್ಕ್ ಹಿಡಿದು ಕೂತು ತಂದ ನಯ ಅದರಲ್ಲಿ ಹಾಳಾಗುತ್ತದೆ.

ಹುಳಿಯ ಬಗ್ಗೆ ನಾನು ಎಲ್ಲರಿಗೂ ಮತ್ತೆ ಮತ್ತೆ ಹೇಳುತ್ತೇನೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಖನಿಜ ಕರಗಲು ಶುರುವಾಗುತ್ತದೆ. ಸೋಡಾ, ಹುಳಿ ಹಣ್ಣಿನ ರಸ ಇವೆಲ್ಲ ಅದಕ್ಕಿಂತ ಬಹಳ ಕೆಳಗೆ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಹೀರುವುದಕ್ಕಿಂತ ಊಟದ ಜೊತೆ ಒಮ್ಮೆಗೇ ಕುಡಿದು ಮುಗಿಸಿ, ನೀರು ಕುಡಿಯಿರಿ. ತಕ್ಷಣ ಬ್ರಶ್ ಹಿಡಿಯಬೇಡಿ, ಅರ್ಧ ಗಂಟೆಯಾದರೂ ಬಿಡಿ. ಅಷ್ಟರಲ್ಲಿ ಜೊಲ್ಲು ಹುಳಿಯನ್ನು ತಗ್ಗಿಸಿ ಖನಿಜವನ್ನು ಒಂದಿಷ್ಟು ವಾಪಸ್ ತುಂಬುತ್ತದೆ.

ಪೆನ್ನು ಕಚ್ಚುವುದು, ಉಗುರು ಕಡಿಯುವುದು, ಹಲ್ಲಿನಲ್ಲಿ ಪ್ಯಾಕೆಟ್ ಹರಿಯುವುದು ಬಿಡಬೇಕು. ಕಾಂಪೊಸಿಟ್ ಸೇರಿಸಿದ್ದರೆ ಇದು ಇನ್ನೂ ಮುಖ್ಯ. ಅದು ಎನಾಮಲ್‌ನಷ್ಟು ಗಟ್ಟಿಯಲ್ಲ, ಚಕ್ಕೆ ಏಳುತ್ತದೆ, ಕಾಫಿ, ಟೀ, ಸಿಗರೇಟಿನ ಹೊಗೆ ಇವುಗಳ ಕಲೆ ಬೇಗ ಹಿಡಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಪಾಲಿಶ್ ಮಾಡಿಸಬೇಕು ಅಥವಾ ಬದಲಿಸಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳುವಾಗ ದವಡೆ ಬಿಗಿಯುತ್ತಿದ್ದರೆ ರಾತ್ರಿ ಹಲ್ಲು ಕಡಿಯುತ್ತಿದ್ದೀರಿ ಅಂತ ಅನುಮಾನ ಪಡಿ. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ರಕ್ಷಣೆಯ ಹೊದಿಕೆ, ಅಂದರೆ ನೈಟ್ ಗಾರ್ಡ್, ಮಾಡಿಸಿಕೊಳ್ಳಿ.

ಆರು ತಿಂಗಳಿಗೊಮ್ಮೆ ಬಂದಾಗ ಹಳೆಯ ಫೋಟೊ ಪಕ್ಕಕ್ಕಿಟ್ಟುಕೊಂಡು ಅಂಚುಗಳನ್ನು ನೋಡುತ್ತೇನೆ. ಹೊಸದಾಗಿ ಸವೆದಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ಅಷ್ಟರವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಜುಂ ಅನ್ನುವುದು ಎರಡು ವಾರ ಕಳೆದರೂ ಕಡಿಮೆಯಾಗದಿದ್ದರೆ, ಬಿಸಿ ತಾಗಿದಾಗ ಶುರುವಾದ ನೋವು ಬೇಗ ನಿಲ್ಲದಿದ್ದರೆ, ಏನೂ ತಾಗದೆಯೇ ರಾತ್ರಿ ಹಲ್ಲು ನೋಯುತ್ತಿದ್ದರೆ, ಅಥವಾ ಕಚ್ಚುವಾಗ ಒಂದೇ ಹಲ್ಲು ಮೊದಲು ತಾಗಿದ ಹಾಗೆ ಅನ್ನಿಸಿದರೆ ಆವತ್ತೇ ಫೋನ್ ಮಾಡಿ ಬನ್ನಿ.