ಮೂಲೆ ಎಬ್ಬಿಸುವ ಕೆಲಸ: ಪುಣೆಯಲ್ಲಿ ಗೌಂಡಿಯಾಗಬೇಕೆನ್ನುವವರಿಗೆ

ಪುಣೆಯ ವಾರ್ಜೆ, ಕಾತ್ರಜ್, ಹಡಪಸರದ ಮಜೂರ್ ಅಡ್ಡಾಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಕಾದು ನಿಂತವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಅವರಲ್ಲಿ ಬಹಳಷ್ಟು ಜನ ಬಿಗಾರಿಗಳು. ಇಟ್ಟಂಗಿ ಹೊರುವುದು, ಮಾಲು, ಅಂದರೆ ಸಿಮೆಂಟು ಉಸುಕಿನ ಗಾರೆ ಕಲಸುವುದು, ನೀರು ಹೊಡೆಯುವುದು ಅವರ ಪಾಲಿನ ಕೆಲಸ. ಥಾಪಿ (ಕರಣೆ) ಹಿಡಿದು ಗೋಡೆ ಕಟ್ಟುವವರು ಗೌಂಡಿಗಳು, ಅವರ ಪಗಾರವೇ ಬೇರೆ. ಬಿಗಾರಿಯಾಗಿ ಬಂದು ಗೌಂಡಿಯಾಗಬೇಕೆನ್ನುವವರಿಗೂ, ಅವರನ್ನು ಕರೆದು ಕೋಣೆಯನ್ನೋ ಕಂಪೌಂಡನ್ನೋ ಕಟ್ಟಿಸಲು ಹೊರಟವರಿಗೂ ಈ ಮಾತುಗಳು ಉಪಯೋಗಕ್ಕೆ ಬರಬಹುದು. ಎರಡು ಮೂಲೆಗಳ ನಡುವೆ ಬಿಗಿದ ದಾರಕ್ಕೆ ಸರಿಯಾಗಿ ಇಟ್ಟಂಗಿ ಇಡುವುದನ್ನು ಚುರುಕಾದ ಹುಡುಗರು ಬೇಗನೇ ಕಲಿಯುತ್ತಾರೆ. ಆದರೆ ಆ ದಾರವನ್ನು ಕಟ್ಟಬೇಕಾದ ಮೂಲೆಯನ್ನು ಸ್ವತಃ ಎಬ್ಬಿಸಲು ಬಂದಾಗಲೇ ಗೌಂಡಿಯ ಪಗಾರ ಕೇಳುವ ಧೈರ್ಯ ಬರುತ್ತದೆ. ಆದ್ದರಿಂದ ಇಲ್ಲಿ ಮೂಲೆಯ ವಿಷಯವನ್ನೇ ಹೆಚ್ಚು ಹೇಳಿದ್ದೇನೆ.

ಮೊದಲು ಸಾಮಾನು. ಎರಡು ಇಟ್ಟಂಗಿಗಳನ್ನು ಒಂದಕ್ಕೊಂದು ಬಡಿದರೆ ಠಣ್ ಎಂಬ ದನಿ ಬರಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಅನುಮಾನವಿದ್ದರೆ ಒಣಗಿದ ಇಟ್ಟಂಗಿಯನ್ನು ತೂಗಿ, 24 ತಾಸು ನೀರಲ್ಲಿಟ್ಟು ಮತ್ತೆ ತೂಗಬೇಕು. ಸಾಮಾನ್ಯ ದರ್ಜೆಯ ಇಟ್ಟಂಗಿ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಐಎಸ್ 1077 ಮಾನಕ ಹೇಳುತ್ತದೆ. ನದಿಯ ಉಸುಕು ಈಗ ಪುಣೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಸುತ್ತಲಿನ ಕರಿಕಲ್ಲನ್ನು ಪುಡಿಮಾಡಿದ ಕ್ರಶ್ ಸ್ಯಾಂಡ್ ಬ್ರಾಸ್ ಲೆಕ್ಕದಲ್ಲಿ, ಅಂದರೆ 100 ಘನ ಅಡಿಯ ಲೆಕ್ಕದಲ್ಲಿ ಬಂದು ಬೀಳುತ್ತದೆ. ಇದರಲ್ಲಿ ಧೂಳು ಹೆಚ್ಚಿದ್ದರೆ ಮಾಲು ನೀರನ್ನು ಹೆಚ್ಚು ಕೇಳುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಸ್ವಲ್ಪ ಉಸುಕು ಮತ್ತು ನೀರು ಹಾಕಿ ಕುಲುಕಿ ಇಟ್ಟರೆ ಮೇಲೆ ಕೂಡುವ ಬೂದು ಪದರದ ದಪ್ಪ ಕಣ್ಣಿಗೇ ಕಾಣುತ್ತದೆ. ಲಾರಿ ಖಾಲಿಯಾಗುವ ಮುನ್ನ ಈ ಪರೀಕ್ಷೆ ಮಾಡಬೇಕು, ಖಾಲಿಯಾದ ಮೇಲೆ ಯಾರೂ ಉಸುಕನ್ನು ಮರಳಿ ಒಯ್ಯುವುದಿಲ್ಲ.

ಇಟ್ಟಂಗಿಯನ್ನು ನೆನೆಸದೆ ಕಟ್ಟುವುದು ಅತಿ ಸಾಮಾನ್ಯವಾದ ಕಳ್ಳಗೆಲಸ. ಒಣ ಇಟ್ಟಂಗಿ ಮಾಲಿನ ನೀರನ್ನು ಹೀರಿಬಿಡುವುದರಿಂದ ಸಿಮೆಂಟು ಗಟ್ಟಿಯಾಗುವ ಬದಲು ಪುಡಿಯಾಗಿ ಉಳಿಯುತ್ತದೆ. ಹೌದಿನಲ್ಲೋ ಪೀಪಾಯಿಯಲ್ಲೋ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಬೇಕು. ಆಮೇಲೆ ಹೊರಗೆ ತೆಗೆದು, ಮೇಲಿನ ನೀರು ಇಳಿದ ನಂತರ ಕೆಲಸಕ್ಕೆ ಕೊಡಬೇಕು. ತೊಟ್ಟಿಕ್ಕುತ್ತಿರುವ ಇಟ್ಟಂಗಿ ಮಾಲಿನ ಮೇಲೆ ಜಾರುತ್ತದೆ. ಗುಡ್ಡೆಯ ಮೇಲೆ ಪೈಪಿನಿಂದ ನೀರು ಸಿಂಪಡಿಸಿದರೆ ನೆನೆಸಿದಂತಾಗುವುದಿಲ್ಲ. ಇದು ಮಣ್ಣಿನ ಇಟ್ಟಂಗಿಯ ಮಾತು. ಈಗ ಎತ್ತರದ ಕಟ್ಟಡಗಳಲ್ಲೆಲ್ಲ ಬಳಸುವ ಹಗುರವಾದ ಬಿಳಿ ಎಎಸಿ ಬ್ಲಾಕನ್ನು ಮುಳುಗಿಸಬಾರದು, ತುಸು ಒದ್ದೆ ಮಾಡಿದರೆ ಸಾಕು.

9 ಇಂಚಿನ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು, ನಾಲ್ಕೂವರೆ ಇಂಚಿನ ಗೋಡೆಗೆ ಒಂದಕ್ಕೆ ನಾಲ್ಕು ಎಂಬುದು ರೂಢಿಯ ಲೆಕ್ಕ. ಈ ಪಾಲನ್ನು ಬುಟ್ಟಿಯಿಂದ ಅಳೆಯಬಾರದು, ಏಕೆಂದರೆ ಒಬ್ಬರು ತುಂಬಿದ ಬುಟ್ಟಿಯಂತೆ ಇನ್ನೊಬ್ಬರು ತುಂಬುವುದಿಲ್ಲ. 50 ಕಿಲೋ ಚೀಲದ ಸಿಮೆಂಟು ಸುಮಾರು 35 ಲೀಟರ್ ಜಾಗ ತುಂಬುತ್ತದೆ; ಅಷ್ಟೇ ಹಿಡಿಯುವ ಫರ್ಮಾ, ಅಂದರೆ ಅಳತೆಯ ಪೆಟ್ಟಿಗೆ ಇದ್ದರೆ ಚೀಲಕ್ಕೆ ಆರು ಫರ್ಮಾ ಉಸುಕು ಎಂದು ಲೆಕ್ಕ ತಪ್ಪದೆ ನಡೆಯುತ್ತದೆ. ಒಣ ಸಾಮಾನಿನ ಬಣ್ಣ ಒಂದಾಗುವವರೆಗೆ ಮಗುಚಿ, ನಂತರ ನೀರು ಹಾಕಬೇಕು. ಮಾಲು ಪಿಟ್ಲಿಯಂತೆ ಹರಿಯಲೂಬಾರದು, ಝುಣಕದಂತೆ ಉದುರಲೂಬಾರದು. ಥಾಪಿಯನ್ನು ವಾಲಿಸಿದಾಗ ಒಂದು ಕ್ಷಣ ನಿಂತು ಆಮೇಲೆ ಜಾರುವ ಹದ ಬೇಕು. ಅರ್ಧ ಮುಕ್ಕಾಲು ತಾಸಿನಲ್ಲಿ ತೀರುವಷ್ಟನ್ನು ಮಾತ್ರ ಕಲಸಬೇಕು. ಊಟದ ಹೊತ್ತಿಗೆ ಬಿಗಿದುಕೊಂಡ ಮಾಲಿಗೆ ಮತ್ತೆ ನೀರು ಸುರಿದು ಮೆತ್ತಗೆ ಮಾಡುವ ಗೌಂಡಿಯ ಗೋಡೆಯನ್ನು ನಂಬಬಾರದು.

ಇನ್ನು ಗೋಡೆ. ಪಾಯದ ಮೇಲೆ ದಾರ ಹಾಕಿ, ಮೂಲೆಯ ಬಿಂದುವಿನಿಂದ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿದರೆ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರಬೇಕು. ಮೂಲೆ ನೋಡುವ ಮೂಲೆಮಟ್ಟ, ಅಂದರೆ ಗುಣ್ಯಾ ಇದೆಯೆಂದು ಇದನ್ನು ಬಿಡಬಾರದು. ಗುಣ್ಯಾದ ತೋಳು ಸಣ್ಣದು, ಹತ್ತು ಅಡಿ ಹೋಗುವಷ್ಟರಲ್ಲಿ ಅದರ ಚಿಕ್ಕ ತಪ್ಪು ದೊಡ್ಡದಾಗುತ್ತದೆ. ಎಲ್ಲ ಮೂಲೆಗಳ ಮಟ್ಟವನ್ನು ನೀರು ತುಂಬಿದ ಲೆವೆಲ್ ಪೈಪಿನಿಂದ ನೋಡಬೇಕು, ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಅದು ತೋರಿಸುವ ಮಟ್ಟ ಸುಳ್ಳಾಗುತ್ತದೆ. ಮಾಲು ಹಾಕುವ ಮುನ್ನ ಮೊದಲ ಥರವನ್ನು, ಅಂದರೆ ಇಟ್ಟಂಗಿಯ ಮೊದಲ ಸಾಲನ್ನು, ಒಣಗಿಯೇ ಜೋಡಿಸಿ ನೋಡಿದರೆ ಎಲ್ಲಿ ತುಂಡು ಬರುತ್ತದೆಂದು ಆಗಲೇ ತಿಳಿಯುತ್ತದೆ.

9 ಇಂಚಿನ ಗೋಡೆಯಲ್ಲಿ ಒಂದು ಥರ ಇಟ್ಟಂಗಿಯ ಉದ್ದ ಮುಖ ಹೊರಗೆ ಕಾಣುವಂತೆ, ಮುಂದಿನ ಥರ ಅದರ ತಲೆ (ತುದಿಯ ಚಿಕ್ಕ ಮುಖ) ಹೊರಗೆ ಕಾಣುವಂತೆ ಕಟ್ಟುವುದು ಗಟ್ಟಿಯಾದ ಪದ್ಧತಿ. ಹೊಸಬರು ಎಡವುವುದು ಇಲ್ಲಿಯೇ. ತಲೆಯ ಥರವನ್ನು ಮೂಲೆಯಿಂದ ಸುಮ್ಮನೆ ತಲೆ, ತಲೆ, ತಲೆ ಎಂದು ಇಡುತ್ತಾ ಹೋದರೆ ಪ್ರತಿ ಎರಡನೇ ಸಂದಿ ಕೆಳಗಿನ ಥರದ ಸಂದಿಯ ನೇರಕ್ಕೇ ಬರುತ್ತದೆ, ಸಂದಿಯ ಮೇಲೆ ಸಂದಿ ಕೂತ ಗೋಡೆ ಅಲ್ಲಿಂದಲೇ ಸೀಳುತ್ತದೆ. ಅದಕ್ಕಾಗಿ ಮೂಲೆಯ ತಲೆಯ ಪಕ್ಕದಲ್ಲಿ, ಉದ್ದಕ್ಕೆ ಎರಡಾಗಿ ಸೀಳಿದ ಇಟ್ಟಂಗಿಯ ಒಂದು ಭಾಗವನ್ನು ಇಡಬೇಕು. ಹೊರಗಿನಿಂದ ಎರಡು ಇಂಚಿನಷ್ಟೇ ಕಾಣುವ ಆ ತುಂಡು ಮುಂದಿನ ಸಂದಿಗಳನ್ನೆಲ್ಲ ಕಾಲು ಇಟ್ಟಂಗಿಯಷ್ಟು ಸರಿಸುತ್ತದೆ. ತುಂಡು ತಲೆಯ ಪಕ್ಕದಲ್ಲಿರಬೇಕೇ ಹೊರತು ಮೂಲೆಯ ತುದಿಯಲ್ಲಿ ಇರಬಾರದು. ತುದಿಗಿಟ್ಟರೆ ಯಾರಾದರೂ ಸೈಕಲ್ ತಾಗಿಸಿದರೂ ಕಿತ್ತುಬರುತ್ತದೆ. ಮೂಲೆಯಲ್ಲಿ ಒಂದು ಬದಿಗೆ ಉದ್ದವಾಗಿ ಕಾಣುವ ಇಟ್ಟಂಗಿಯೇ ಇನ್ನೊಂದು ಬದಿಗೆ ತಲೆಯಾಗಿ ಕಾಣುವುದರಿಂದ, ಒಂದು ಗೋಡೆಯಲ್ಲಿ ಉದ್ದದ ಥರ ನಡೆದಾಗ ಅದೇ ಎತ್ತರದಲ್ಲಿ ಪಕ್ಕದ ಗೋಡೆಯಲ್ಲಿ ತಲೆಯ ಥರ ನಡೆಯುತ್ತದೆ. ಇದು ಕೈಗೆ ಬಂದರೆ ಮೂಲೆಯ ಅರ್ಧ ವಿದ್ಯೆ ಬಂದಂತೆ.

ಉಳಿದರ್ಧ ಅಳತೆ. ಮಾನಕದ ಇಟ್ಟಂಗಿ 190 × 90 × 90 ಮಿ.ಮೀ. ಇದ್ದು, 10 ಮಿ.ಮೀ. ಸಂದಿ ಸೇರಿದರೆ ಥರಕ್ಕೆ 10 ಸೆಂ.ಮೀ. ಆಗುತ್ತದೆ. ಆದರೆ ಭಟ್ಟಿಯ ಇಟ್ಟಂಗಿ ಅಳತೆ ಕೇಳಿ ಬೇಯುವುದಿಲ್ಲ. ಹತ್ತು ಇಟ್ಟಂಗಿಗಳನ್ನು ಒಂದರ ಮೇಲೊಂದು ಒಟ್ಟಿ ಅಳೆದು, ಹತ್ತು ಸಂದಿಗಳನ್ನು ಕೂಡಿಸಿ, ಹತ್ತರಿಂದ ಭಾಗಿಸಿ ಬಂದ ಎತ್ತರವನ್ನು ಒಂದು ಕಟ್ಟಿಗೆಯ ಪಟ್ಟಿಯ ಮೇಲೆ ಗೀಟು ಹಾಕಿಕೊಳ್ಳಬೇಕು, ಪ್ರತಿ ಮೂಲೆಯೂ ಆ ಗೀಟುಗಳನ್ನೇ ಹಿಡಿದು ಏಳಬೇಕು. ನೇರ ನೋಡಲು ಓಳಂಬ, ಅಂದರೆ ದಾರಕ್ಕೆ ಕಟ್ಟಿದ ತೂಕದ ಗುಂಡು. ಅದರ ದಾರ ಒಂದು ಸಣ್ಣ ಅಚ್ಚಿನ ನಡುವಿನಿಂದ ಇಳಿಯುತ್ತದೆ, ಅಚ್ಚಿನ ಅಗಲವೂ ಗುಂಡಿನ ಅಗಲವೂ ಒಂದೇ. ಅಚ್ಚನ್ನು ಮೇಲಿನ ಇಟ್ಟಂಗಿಗೆ ಒತ್ತಿ ಹಿಡಿದಾಗ ಗುಂಡು ಕೆಳಗೆ ಗೋಡೆಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲಬೇಕು. ಗುಂಡು ಗೋಡೆಗೆ ಒರಗಿದರೆ ಮೇಲ್ಭಾಗ ಒಳಕ್ಕೆ ವಾಲಿದೆ, ದೂರ ನಿಂತರೆ ಹೊರಕ್ಕೆ ವಾಲಿದೆ. ಮೂಲೆಯ ಎರಡೂ ಮುಖಗಳಿಗೆ ಹಿಡಿಯಬೇಕು, ಗಾಳಿ ಇದ್ದರೆ ಗುಂಡು ಸುಮ್ಮನಾಗುವವರೆಗೆ ಕಾಯಬೇಕು.

ನಾಲ್ಕಾರು ಥರ ಎದ್ದ ಮೂಲೆಯನ್ನು ಎರಡೂ ಬದಿಗೆ ಮೆಟ್ಟಿಲಿನಂತೆ ಇಳಿಸಿ ಬಿಟ್ಟು, ಮೂಲೆಯಿಂದ ಮೂಲೆಗೆ ದಾರ ಬಿಗಿದು ನಡುವೆ ತುಂಬಬೇಕು. ಇಟ್ಟಂಗಿ ದಾರವನ್ನು ತಾಗಬಾರದು, ಕೂದಲೆಳೆಯಷ್ಟು ಬಿಡಬೇಕು. ಒಂದು ತಾಗಿದರೆ ದಾರ ಹೊರಗೆ ಸರಿದು ಉಳಿದವೆಲ್ಲ ಅದರ ಹಿಂದೆ ಹೋಗುತ್ತವೆ. "ತಮ್ಮಾ, ಇಟ್ಟಂಗಿ ನೋಡಬ್ಯಾಡ, ದಾರ ನೋಡು" ಎಂದು ಹಿರಿಯ ಗೌಂಡಿಗಳು ಗದರುವುದು ಇದಕ್ಕೇ. ಭಟ್ಟಿಯ ಹೆಸರು ಒತ್ತಿದ ತಗ್ಗು ಮೇಲಿರಬೇಕು, ಕೆಳಗೆ ಮಾಡಿದರೆ ಅದರೊಳಗೆ ಮಾಲು ತುಂಬದೆ ಪೊಳ್ಳು ಉಳಿಯುತ್ತದೆ. ನಿಂತ ಸಂದಿಗಳಿಗೂ ಇಟ್ಟಂಗಿಯ ತುದಿಗೆ ಮಾಲು ಹಚ್ಚಿಯೇ ಒತ್ತಬೇಕು. ಮಾಲು ಬಿಗಿದ ಮೇಲೆ ಸೊಟ್ಟಗಿದ್ದ ಇಟ್ಟಂಗಿಯನ್ನು ಥಾಪಿಯ ಹಿಡಿಯಿಂದ ಕುಟ್ಟಿ ಸರಿಮಾಡಲು ಹೋಗದೆ, ಕಿತ್ತು, ಹಳೆಯ ಮಾಲನ್ನು ಕೆರೆದು, ಹೊಸದಾಗಿ ಇಡಬೇಕು.

ದಿನಕ್ಕೆ ಒಂದು ಮೀಟರ್‌ಗಿಂತ ಎತ್ತರ ಏರಿಸಬಾರದು, ಗುತ್ತಿಗೆದಾರ ಎಷ್ಟೇ ಅವಸರ ಮಾಡಿದರೂ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಸುಮಾರು ಪ್ರತಿ ಮೀಟರಿಗೆ ಕಬ್ಬಿಣದ ಸಲಾಕಿ ಹಾಕಿದ ತೆಳು ಕಾಂಕ್ರೀಟ್ ಪಟ್ಟಿ ಬೇಕು. ಬೀಮಿನ ಕೆಳಗಿನ ಕೊನೆಯ ಥರವನ್ನು ಕೆಲವು ದಿನ ಬಿಟ್ಟು, ಗೋಡೆ ಕೂತ ನಂತರ ಗಟ್ಟಿಯಾಗಿ ತುರುಕಿ ತುಂಬಬೇಕು. ಗಿಲಾವು (ಪ್ಲಾಸ್ಟರ್) ಆಗಬೇಕಾದ ಗೋಡೆಯ ಸಂದಿಗಳನ್ನು ಮಾಲು ಹಸಿಯಿರುವಾಗಲೇ 10 ಮಿ.ಮೀ.ನಷ್ಟು ಕೆರೆಯಬೇಕು. ನೀರು ಹೊಡೆಯುವುದು ಕನಿಷ್ಠ 7 ದಿನ. ಏಪ್ರಿಲ್, ಮೇ ತಿಂಗಳಲ್ಲಿ ಒದ್ದೆ ಗೋಣಿ ಹೊದಿಸದೆ ಗತಿಯಿಲ್ಲ, ಮಳೆಗಾಲದಲ್ಲಿ ಸಂಜೆ ಕೆಲಸ ಬಿಡುವಾಗ ಗೋಡೆಯ ತಲೆಗೆ ಪ್ಲಾಸ್ಟಿಕ್ ಮುಚ್ಚದೆ ಹೋಗಬಾರದು. ಹಸಿ ಸಿಮೆಂಟು ಬೆರಳ ಸಂದಿಗಳನ್ನು ತಿನ್ನುವುದರಿಂದ ರಬ್ಬರ್ ಕೈಗವಸು ಹಾಕಿಕೊಳ್ಳುವುದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಕಲಿಯುವ ಬಗೆ ಒಂದೇ: ಸಂಜೆ ಉಳಿದ ಮಾಲಿನಲ್ಲಿ ಒಂದು ಮೂಲೆ ಎಬ್ಬಿಸಿ, ಗೌಂಡಿಗೆ ತೋರಿಸಿ, ಬಿಗಿಯುವ ಮುನ್ನ ಬಿಚ್ಚಿ ಇಟ್ಟಂಗಿ ತೊಳೆದಿಡುವುದು. ಹುಡುಗರಿಗೆ ಸಿಗುವ ಈ ಅವಕಾಶ ಹೆಂಗಸರಿಗೆ ಸಿಗುವುದಿಲ್ಲ. ವರ್ಷಗಟ್ಟಲೆ ಮಾಲು ಕಲಸಿ ಹದವನ್ನು ಕೈಯಲ್ಲೇ ಹೇಳಬಲ್ಲ ಅಕ್ಕಂದಿರು ಬುಟ್ಟಿ ಹೊರುವುದರಲ್ಲೇ ಉಳಿಯುತ್ತಾರೆ, ನಿನ್ನೆ ಬಂದ ಹುಡುಗನ ಕೈಗೆ ಥಾಪಿ ಬರುತ್ತದೆ. ಗಂಡ ಹೆಂಡಿರು ಜೋಡಿಯಾಗಿ ದುಡಿಯುವ ಕುಟುಂಬಗಳಲ್ಲಾದರೂ ಹೆಂಡತಿ ದಾರದ ಕೆಲಸದಿಂದ ಆರಂಭಿಸಿದರೆ ಮನೆಗೆ ಬರುವ ಪಗಾರವೇ ಹೆಚ್ಚುತ್ತದೆ.

ಗೌಂಡಿಯಾಗಲಿ ಬಿಗಾರಿಯಾಗಲಿ, 18ರಿಂದ 60 ವರ್ಷದವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಇದಕ್ಕೆ 90 ದಿನದ ಕೆಲಸದ ಪ್ರಮಾಣಪತ್ರ ಬೇಕು. ಅಡ್ಡಾದಿಂದ ದಿನಕ್ಕೊಬ್ಬರ ಬಳಿ ದುಡಿಯುವವರಿಗೆ ಅದನ್ನು ಒಬ್ಬರೇ ಬರೆದುಕೊಡುವುದಿಲ್ಲವಾದ್ದರಿಂದ, ಯಾರ ಬಳಿ, ಎಲ್ಲಿ, ಯಾವ ತಾರೀಖು ಎಂಬುದನ್ನು ಒಂದು ವಹಿಯಲ್ಲಿ ಬರೆದು, ಆಯಾ ಕೆಲಸ ಮುಗಿದ ದಿನವೇ ಗುತ್ತಿಗೆದಾರನ ಸಹಿ ಹಾಕಿಸಿಕೊಳ್ಳಬೇಕು.